ಕೆರೆಗೆ ಹೋದ ಕವಿಚರಿತ್ರೆ

ಕಮರುದ್ದೀನ ಮಾಸ್ತರರಂಥ ಅಂಜುಬುರುಕರನ್ನು ನಾನು ಹುಬ್ಬಳ್ಳಿಯಲ್ಲಿ ಇನ್ನೊಬ್ಬರನ್ನು ಕಂಡಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಹುಡುಗರು ಇವರಿಗೆ ಹೆದರುವ ಬದಲು ಇವರೇ ಹುಡುಗರಿಗೆ ಹೆದರುತ್ತಿದ್ದರು! ಇನ್‌ಸ್ಪೆಕ್ಟರ್ ಬರುತ್ತಾರೆಂಬ ಸುದ್ದಿ ಬಂದರೆ ಊಟ ಬಿಡುತ್ತಿದ್ದರು. ನಮ್ಮ ಮನೆಗೆ ಬಂದರೂ ಹೊಸ್ತಿಲಲ್ಲೇ ನಿಂತು, "ಬರಬೇಕೇನ್ರಿ?" ಎಂದು ಕೇಳಿಯೇ ಒಳಗೆ ಕಾಲಿಡುವುದು. "ಬರದs ಮತ್ತೇನ್ ಅಲ್ಲೇ ನಿಲ್ತೀರೇನು?" ಎಂದು ನಾನು ದಿನಾ ಗದರುತ್ತಿದ್ದೆ.

ಅವರಿಗೆ ಗುರು ನಮ್ಮಪ್ಪ ಫಕೀರಪ್ಪ. ನಮ್ಮಪ್ಪ ಶಾಲೆಯ ಹೊರಗೆ ಕಟ್ಟೆಯ ಮೇಲೆ ಕೂತು ಅಕ್ಷರ ಕಲಿತವನು. ಒಳಗೆ ಕರೆಯುವವರಿರಲಿಲ್ಲ, ನಮ್ಮ ಜಾತಿ ಅಂಥದು. ಹಟ ಬಿಡದೆ ಓದಿ ಮುಂದೆ ತಾನೇ ಮಾಸ್ತರನಾದ. ಆ ಕಾಲಕ್ಕೆ ಇಲ್ಲಿದ್ದ ಒಬ್ಬ ಪಾದ್ರಿ ಊರು ಬಿಡುವಾಗ ಅವನಿಗೆ ಒಂದು ಪುಸ್ತಕ ಕೊಟ್ಟು ಹೋದರು. ಹರೆಯದಲ್ಲೇ ಪರದೇಶದಲ್ಲಿ ಕ್ಷಯದಿಂದ ತೀರಿಕೊಂಡ ಒಬ್ಬ ಇಂಗ್ಲಿಷ್ ಕವಿಯ ಚರಿತ್ರೆ ಅದು. ಬರೆದವನು ಕವಿಯ ಗೆಳೆಯ, ಸಾಯುವಾಗ ಪಕ್ಕದಲ್ಲಿದ್ದವನು. ಕೆಂಪು ಚರ್ಮದ ರಟ್ಟು, ಹಾಳೆಗಳ ಅಂಚಿಗೆ ಬಂಗಾರದ ಬಣ್ಣ. ನಮ್ಮಪ್ಪನಿಗೆ ಅಲ್ಲಿಯತನಕ ಎಲ್ಲರೂ ಏನು ಕೊಟ್ಟರೂ ನೆಲದ ಮೇಲಿಟ್ಟು ದೂರ ಸರಿಯುತ್ತಿದ್ದರು. ಕೈಯಿಂದ ಕೈಗೆ ಬಂದ ಮೊದಲ ವಸ್ತು ಆ ಪುಸ್ತಕ.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ನಮ್ಮಪ್ಪನ ಕಣ್ಣು ಪೂರ್ತಿ ಹೋದವು. ಬೆನ್ನಿಗೇ ಎದೆಬೇನೆ ಹಿಡಿಯಿತು. "ಆ ಪುಸ್ತಕಾ ಇನ್ನೊಮ್ಮೆ ಕಡೀತನಕಾ ಕೇಳಿ ಕಣ್ಣ ಮುಚ್ತೀನಿ" ಎಂದು ಹಟ ಹಿಡಿದ. ಕಮರುದ್ದೀನ ಮಾಸ್ತರರು ದಿನಾ ಸಂಜೆ ಬಂದು ಓದತೊಡಗಿದರು. ನನಗೆ ಇಂಗ್ಲಿಷ್ ಬಾರದು. ಕಾಳು ಹಸನು ಮಾಡುತ್ತ ಅಪ್ಪನ ಮುಖ ನೋಡುತ್ತ ಕೂಡುತ್ತಿದ್ದೆ. ಕೊನೆಯ ಅಧ್ಯಾಯವೊಂದು ಉಳಿದಾಗ ಅಪ್ಪನ ಉಸಿರು ಏರತೊಡಗಿತು. ಡಾಕ್ಟರರು ನನ್ನನ್ನು ಹೊರಗೆ ಕರೆದು, "ಇನ್ನ ಭಾಳ ದಿನಾ ಇಲ್ಲವಾ" ಅಂದರು. ಮಾಸ್ತರರಿಗೆ ಗಾಬರಿಯಾಯಿತು. ಸಾವಿನ ಅಧ್ಯಾಯ ಓದುವಾಗ ನಾಲಿಗೆ ತಡವರಿಸಬಾರದು, ಮೊದಲೇ ಓದಿಕೊಂಡು ಬರುತ್ತೇನೆಂದು ಪುಸ್ತಕವನ್ನು ಮನೆಗೆ ಒಯ್ದರು.

ಮರುದಿನ ಸಂಜೆ ಅವರು ಮುಂಬಾಗಿಲಿಗೆ ಬರಲಿಲ್ಲ. ಹಿತ್ತಲಿಗೆ ಬಂದು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕಾರ, ಪುಸ್ತಕಾ ಹೋತ್ರಿ."

"ಹೋತು ಅಂದ್ರ? ಅದಕ್ಕೇನ್ ಕಾಲು ಬಂದ್ವೇನು?"

"ನಮ್ಮವ್ವ ಕೆರಿಗೆ ಬಿಟ್ಟಾಳ್ರಿ."

ನನಗೆ ಮೈಯೆಲ್ಲ ಉರಿಯಿತು. ಆಮೇಲೆ ತಿಳಿಯಿತು. ಹಳೆಯದಾಗಿ ಹರಿದ ಪವಿತ್ರ ಗ್ರಂಥದ ಹಾಳೆಗಳನ್ನು ಅವರ ಮನೆಗಳಲ್ಲಿ ಕಸಕ್ಕೆ ಹಾಕುವುದಿಲ್ಲ. ಕಾಲಿಗೆ ತಗಲಿದರೆ ಪಾಪ. ಬಿಳಿ ಬಟ್ಟೆಯಲ್ಲಿ ಸುತ್ತಿ, ಕಲ್ಲು ಕಟ್ಟಿ, ಆಳದ ನೀರಿಗೆ ಬಿಡುತ್ತಾರೆ. ಅದಕ್ಕೆ ಠಂಡಾ ಮಾಡುವುದು ಅನ್ನುತ್ತಾರೆ. ಅವರ ತಾಯಿ ಬಿಬಿಜಾನ ಓದು ಬಾರದ ಹೆಂಗಸು. ಹಿಂದಿನ ರಾತ್ರಿ ಮಗ ಕೈ ತೊಳೆದುಕೊಂಡು ಆ ಪುಸ್ತಕ ಓದುವುದನ್ನು, ಎತ್ತರದ ಮಾಡದಲ್ಲಿ ಇಡುವುದನ್ನು ನೋಡಿದ್ದಳು. ಪಾದ್ರಿ ಕೊಟ್ಟದ್ದು ಎಂಬುದೂ ಗೊತ್ತಿತ್ತು. ಅಂದ ಮೇಲೆ ಅದು ಕ್ರಿಸ್ತನ ಇಂಜೀಲವೇ, ಅಂದರೆ ಬೈಬಲ್ಲೇ, ಅದೂ ಮೇಲಿನಿಂದ ಇಳಿದು ಬಂದ ಗ್ರಂಥವೇ! ಹಾಳೆಗಳು ಉದುರುತ್ತಿದ್ದವು, ಗೆದ್ದಲೂ ಹತ್ತಿತ್ತು. ಅಂದೇ ಓಣಿಯವರು ಠಂಡಾ ಮಾಡಲು ಉಣಕಲ್ ಕೆರೆಗೆ ಹೊರಟಿದ್ದರು. ಮಗ ಶಾಲೆಯಲ್ಲಿದ್ದ. ಆಕೆಯೂ ಅವರ ಜೊತೆ ಹೋಗಿಬಂದಳು.

"ಈಗ ಏನ್ ಮಾಡ್ತೀರಿ? ಅಪ್ಪಗ ಹೇಳಿದ್ರ ಅಲ್ಲೇ ಜೀವಾ ಬಿಟ್ಟಾನು!" ಎಂದೆ.

ಮಾಸ್ತರರು ಕೋಟಿನ ಒಳಗಿಂದ ಇನ್ನೊಂದು ಪುಸ್ತಕ ತೆಗೆದರು. ಅದೇ ಕವಿಯ ಮೇಲೆ ಈಚೆಗೆ ಯಾರೋ ಪಂಡಿತರು ಬರೆದ ಚರಿತ್ರೆ, ಶಾಲೆಗೆ ಬಂದದ್ದು. "ಸಾವು ಅದs ಐತ್ರಿ. ಓದಿಬಿಡ್ತೀನಿ. ಅಲ್ಲಾ ನನ್ನ ಕ್ಷಮಿಸಲಿ" ಅಂದರು. ತಾಯಿಯೂ ಹಿಂದೆಯೇ ಬಂದು ಪಡಸಾಲೆಯ ಬಾಗಿಲಲ್ಲಿ ಕೂತಳು.

ಓದು ಶುರುವಾಯಿತು. ನಾನು ಅಪ್ಪನ ಮುಖದ ಮೇಲಿಂದ ಕಣ್ಣು ಕೀಳಲಿಲ್ಲ. ಒಂದು ಪುಟವಾಯಿತು. ಎರಡನೆಯದರ ನಡುವೆ ಅಪ್ಪ ಕೈ ಎತ್ತಿದ.

"ನಿಲ್ಲಸ್ರಿ ಮಾಸ್ತರ. ಇದು ಯಾರು ಬರದದ್ದು?"

ಮಾಸ್ತರರು ಸುಳ್ಳು ಹೇಳುತ್ತಾರೆಂದೇ ನಾನು ಅಂದುಕೊಂಡೆ.

"ಬ್ಯಾರೇದ್ರಿ, ಗುರುಗಳ. ನಿಮ್ಮ ಪುಸ್ತಕಾ ನನ್ನ ಕೈಲೆ ಹಾಳಾತ್ರಿ."

"ಸುಳ್ಳು ಹೇಳಾಕತ್ತಾನ್ರಿ!" ಬಿಬಿಜಾನ ಎದ್ದು ಒಳಗೆ ಬಂದಳು. "ನಾನs ಕೆರಿಗೆ ಬಿಟ್ಟೇನಿ. ದೇವರ ಪುಸ್ತಕ ಅಂತ ತಿಳಕೊಂಡೆ. ಬೈಯೂದಿದ್ರ ನನಗ ಬೈರಿ."

ಅಪ್ಪ ಆಕೆಯ ದನಿ ಬಂದ ಕಡೆ ಹೊರಳಿದ.

"ಹೆಂಗ ಬಿಟ್ಟೆವಾ?" ಎಂದು ಕೇಳಿದ.

"ಬಿಳೇ ಬಟ್ಟ್ಯಾಗ ಸುತ್ತಿದ್ನಿರಿ. ಅತ್ತರ ಹಚ್ಚಿದ್ನಿ. ಬಿಸ್ಮಿಲ್ಲಾ ಅಂತ ಹಗೂರಕ ಇಳಿಬಿಟ್ಟೇನ್ರಿ. ಒಗದಿಲ್ರಿ."

"ಛಲೋ ಮಾಡಿದಿ. ನಾನಿದ್ರೂ ಅದಕ್ಕ ಅಷ್ಟು ಮರ್ಯಾದಿ ಮಾಡ್ತಿದ್ದಿಲ್ಲ." ಅಪ್ಪ ಮಾಸ್ತರರ ಕಡೆ ಮುಖ ತಿರುಗಿಸಿದ. "ಈ ಹೊಸಾ ಪುಸ್ತಕದಾಗ ತಾರೀಖು ಎಲ್ಲಾ ಬರೋಬ್ಬರಿ ಅದಾವು. ಹಳೇದ್ರಾಗ ತಪ್ಪು ಭಾಳ ಇದ್ವು. ಆದ್ರ ಇದನ್ನ ಬರದಾಂವ ಆ ಕವಿ ಸತ್ತ ಖೋಲ್ಯಾಗ ಇದ್ದಿಲ್ಲ. ಇದ್ರಾಗ ಯಾರೂ ಅಳಾಕತ್ತಿಲ್ಲ, ಮಾಸ್ತರ. ನೀವು ಅದನ್ನ ಓದಿಕೊಂಡೀರಲ್ಲಾ? ನೆಪ್ಪಿದ್ದಷ್ಟು ಹೇಳ್ರಿ. ಕನ್ನಡದಾಗs ಹೇಳ್ರಿ."

ಮಾಸ್ತರರು ಹೇಳತೊಡಗಿದರು. ಏನು ತಡವರಿಕೆ, ಏನು ಗೊಂದಲ! ಊರಿನ ಹೆಸರು ಮರೆತರು, ಹಿಂದಿನದು ಮುಂದೆ ಹೇಳಿದರು. ಗೆಳೆಯ ತಾನೇ ಗಂಜಿ ಕಾಸಿ ಕುಡಿಸುತ್ತಿದ್ದನಂತೆ. ಕೊನೆಯ ದಿನ ಕವಿ, ಕಿಟಕಿ ತೆಗೆ, ಗಾಳಿ ಬೇಕು ಅಂದನಂತೆ. ಚಳಿ ತಗಲೀತೆಂದು ಗೆಳೆಯ ತೆಗೆಯಲಿಲ್ಲ. ಉಸಿರು ನಿಂತ ಮೇಲೆ ತೆಗೆದನಂತೆ. "ಆಗs ತಗೀಬೇಕಾಗಿತ್ತು ಅಂತ ಮುದುಕ ಆದ ಮ್ಯಾಲೂ ಬರದಾನ್ರಿ, ಗುರುಗಳ..." ಎನ್ನುವಷ್ಟರಲ್ಲಿ ಮಾಸ್ತರರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ನಾನೂ ಅತ್ತೆ. ಆ ಕವಿ ಯಾರೋ, ಅವನ ಹೆಸರೂ ನನ್ನ ಬಾಯಿಗೆ ಹೊರಳುತ್ತಿರಲಿಲ್ಲ.

"ಆ ಹುಡುಗನ ಅವ್ವ ಎಲ್ಲಿದ್ದಳೋ ಯಪ್ಪಾ ಅವಾಗ?" ಎಂದಳು ಬಿಬಿಜಾನ.

"ಮೊದಲs ತೀರಿಕೊಂಡಿದ್ಲವಾ" ಅಂದರು ಮಾಸ್ತರರು.

"ಛಲೋ ಆತು ತಗೋ. ಇದನ್ನ ನೋಡಲಿಲ್ಲ ಆಕಿ."

ಅಪ್ಪನ ಕಣ್ಣೀರು ದಿಂಬಿನ ಮೇಲೆ ಇಳಿಯುತ್ತಿತ್ತು. "ಹಾಂ, ಇದs ಅದು. ಮುಗೀತು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಉಡಚವ್ವಾ, ಕಿಟಕಿ ತಗೀವಾ" ಎಂದ.

ಹೊರಗೆ ಕೊರೆಯುವ ಗಾಳಿ. ಆ ಎದೆಗೆ ಥಂಡಿ ತಗಲಿದರೆ ಆಯಿತು ಕಥೆ ಎಂದು ಡಾಕ್ಟರರು ಸಾರಿ ಸಾರಿ ಹೇಳಿದ್ದರು. "ಬ್ಯಾಡಪ್ಪಾ, ಡಾಕ್ಟರು ಬೈತಾರ" ಎನ್ನಲು ನಾನು ಬಾಯಿ ತೆರೆಯುವುದರೊಳಗೆ, ಕಮರುದ್ದೀನ ಮಾಸ್ತರರು ಯಾರನ್ನೂ ಕೇಳದೆ ಎದ್ದು ಹೋಗಿ ಕಿಟಕಿಯ ಎರಡೂ ಕದ ತೆಗೆದರು.