ಹೆಬ್ಬೆಟ್ಟಿಗೆ ಮೊದಲು ಓದುವವರು

೧೯೯೬. ಬೆಳಗಿನ ಆರು ಗಂಟೆ. ನಗರಗೆರೆಯ ಕಾಲೊನಿಯ ಜನ ಕೂಲಿಗೆ ಹೊರಡುವ ಮುಂಚೆಯೇ ಅನಸೂಯಮ್ಮ ಅಂಗನವಾಡಿ ಜಗಲಿಯ ಮೇಲೆ ಒಪ್ಪಿಗೆಯ ಹಾಳೆಯೊಂದನ್ನು ಹಿಡಿದು ಕೂತಿದ್ದಾರೆ. ಎರಡು ವರ್ಷದ ಹಿಂದೆ ಇಲ್ಲಿಂದ ರಕ್ತ ತೆಗೆದುಕೊಂಡು ಹೋದ ಸಂಶೋಧಕರು ಇಂಕ್ ಪ್ಯಾಡ್ ಇಟ್ಟುಕೊಂಡು ಪಕ್ಕದಲ್ಲಿ ಕಾಯುತ್ತಿದ್ದಾರೆ.

"ಅವತ್ತು ತಗೊಂಡಿದ್ದು ಸಕ್ಕರೆ ಕಾಯಿಲೆ ನೋಡೋಕಲ್ಲ. ನಿಮ್ಮ ಜಾತಿಯೋರ ವಂಶದ ಗುಣ ರಕ್ತದಲ್ಲಿ ಹುಡುಕೋಕೆ. ಅದನ್ನ ಇಟ್ಕೋಬೋದಾ ಅಂತ ಈಗ ಕೇಳ್ತಾವ್ರೆ. ಬೇಡ ಅಂದ್ರೂ ನಿಮಗೇನೂ ತೊಂದ್ರೆ ಇಲ್ಲ." ಅದನ್ನೇ ಅನಸೂಯಮ್ಮ ತೆಲುಗಿನಲ್ಲೂ ಹೇಳುತ್ತಾರೆ.

"ಅರ್ಥ ಆಯ್ತು, ಒತ್ಸು ತಾಯಿ. ಕಳೆ ಕೀಳಕ್ಕೆ ಹೋಗ್ಬೇಕು," ಎನ್ನುತ್ತಾರೆ ಮುನಿಗಂಗಮ್ಮ.

"ಹಂಗಾದ್ರೆ ನೀನೇ ಹೇಳಕ್ಕ, ನಾನು ಕೇಳ್ತೀನಿ."

"ಅದೇ, ಸಕ್ಕರೆ ಕಾಯಿಲೆಗೆ..." ಮುನಿಗಂಗಮ್ಮ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಎಲ್ಲರಿಗೂ ನಗು. ಓದು ಮತ್ತೆ ಮೊದಲಿನಿಂದ. ಕೇಳಿದವರು ತಿರುಗಿ ಹೇಳುವವರೆಗೆ ಹೆಬ್ಬೆಟ್ಟಿಲ್ಲ.

ಕೈವಾರದ ಕಡೆಯ ಬೌದ್ಧ ಕುಟುಂಬದ ಅನಸೂಯಮ್ಮ ಕಾನೂನು ಕಾಲೇಜೊಂದರ ಅಧ್ಯಾಪಕಿ. ಜಾತಿ, ವಂಶವಾಹಿ, ಒಪ್ಪಿಗೆ ಕುರಿತು ಇಂಗ್ಲಿಷಿನಲ್ಲಿ ಹನ್ನೊಂದು ಲೇಖನ ಬರೆದಿದ್ದಾರೆ. ಈ ತಾಲ್ಲೂಕಿನಲ್ಲಿ ಅವನ್ನು ಓದಿದವರು ಯಾರೂ ಇದ್ದಂತಿಲ್ಲ.

೧೯೯೪ರಲ್ಲಿ ಕಾಲೊನಿಯ ಯಜಮಾನ ನರಸಿಂಹಪ್ಪ ಮೊದಲು ಹೆಬ್ಬೆಟ್ಟು ಒತ್ತಿದ್ದರು. ಯಜಮಾನರೇ ಒತ್ತಿದ ಮೇಲೆ ಉಳಿದವರು ಏನೂ ಕೇಳಲಿಲ್ಲ. ಸಕ್ಕರೆ ಕಾಯಿಲೆಯ ಪರೀಕ್ಷೆ ಎಂದು ನಂಬಿ ನಲವತ್ಮೂರು ಮಂದಿ ರಕ್ತ ಕೊಟ್ಟು, ಬಾರದ ಮಾತ್ರೆಗೆ ತಿಂಗಳುಗಟ್ಟಲೆ ಕಾದರು. ಸೀಸೆಗಳ ಮೇಲೆ ಬರೆದದ್ದು ಜಾತಿ ಮಾತ್ರ, ಹೆಸರಿಲ್ಲ. ವಿಷಯ ತಿಳಿದ ಅನಸೂಯಮ್ಮ ಒಂದೂವರೆ ವರ್ಷ ಪತ್ರ ಬರೆದು ಸಂಶೋಧಕರನ್ನು ಒಂದು ಷರತ್ತಿಗೆ ಒಪ್ಪಿಸಿದರು: ಯಾರ ಸೀಸೆ ಯಾವುದೆಂದು ಗೊತ್ತಿಲ್ಲದ ಕಾರಣ, ಒಬ್ಬರು ಬೇಡವೆಂದರೂ ಎಲ್ಲವನ್ನೂ ನಾಶ ಮಾಡಬೇಕು.

"ನನ್ನನ್ನ ಕೊನೇಗೆ ಕೇಳಮ್ಮ," ಎನ್ನುತ್ತಾರೆ ನರಸಿಂಹಪ್ಪ. "ಅವತ್ತು ನಾನೇ ಮೊದ್ಲು ಒತ್ತಿ ಕೆಡಿಸ್ದೆ."

ಕೊಂಡಮ್ಮನ ಸರದಿ. ಹೇಳಿದ್ದನ್ನೆಲ್ಲ ತಪ್ಪಿಲ್ಲದೆ ತಿರುಗಿ ಹೇಳಿ ಆಕೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. "ನೀರು ಕುಡಿಯೋವಾಗ ಜಾತಿ ಕೇಳ್ತಾರೆ. ರಕ್ತದಾಗೂ ಅದನ್ನೇ ಹುಡುಕ್ತಾರಾ? ವದ್ದು. ಬೇಡ. ಚೆಲ್ಲಿಬಿಡಿ."

"ಸ್ವಲ್ಪ ತಿಳಿಸಿ ಹೇಳಿ ಮೇಡಂ," ಎನ್ನುತ್ತಾರೆ ಸಂಶೋಧಕರಲ್ಲೊಬ್ಬರಾದ ಡಾಕ್ಟರು.

"ತಿಳ್ಕೊಂಡೇ ಹೇಳಿದ್ದಾರೆ ಸರ್. ಬರ್ಕೊಳ್ಳಿ."

ಅಲ್ಲಿಗೆ ನಲವತ್ಮೂರು ಸೀಸೆಗಳೂ ಹೋದವು. ಡಾಕ್ಟರು ಇಂಕ್ ಪ್ಯಾಡ್ ಮುಚ್ಚುತ್ತಾರೆ. ಕೊಂಡಮ್ಮ ಬಂದು ಅನಸೂಯಮ್ಮನ ಕೈ ಹಿಡಿಯುತ್ತಾರೆ: "ನನ್ನ ಮದುವೇಗೂ ನನ್ನನ್ನ ಯಾರೂ ಕೇಳಿರ್ಲಿಲ್ಲ ಕಣಮ್ಮ. ನೀನು ಕೇಳ್ದೆ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಅನಸೂಯಮ್ಮ ಹಾಳೆ ಮಡಚಿ ಚೀಲಕ್ಕೆ ಹಾಕುತ್ತಾರೆ. ಹತ್ತಕ್ಕೆ ಕ್ಲಾಸಿದೆ. ನಿನಗೇನು ಆಸೆ ಎಂದು ಕೊಂಡಮ್ಮ ಕೇಳಿದರೆ ಬಸ್ಸು ಬರುವ ಕಡೆ ನೋಡುತ್ತಲೇ ಉತ್ತರ: "ಮುಂದಿನ ಸಲ ಈ ಹಾಳೆ ಓದೋಕೆ ಇದೇ ಕಾಲೊನಿ ಹೆಣ್ಮಗಳು ಕೂರ್ಬೇಕು. ನಾನು ಹಿಂದೆ ನಿಂತು ಕೇಳಿಸ್ಕೋತೀನಿ."