ಕೂಸಿನ ಸೀಟಿನಲ್ಲಿ ಗುಂಡುಕಲ್ಲು

ಮನೆಯಲ್ಲಿ ಅವ್ವ ನನ್ನ ಮಗಳನ್ನು ಕೆಳಗೆ ಬಿಡುತ್ತಿರಲಿಲ್ಲ. ಎಣ್ಣೆ ಹಚ್ಚುವುದು, ನೀರು ಹಾಕುವುದು, ಹೊಗೆ ಕೊಡುವುದು, ಎಲ್ಲದರಲ್ಲೂ ಅವಳದೇ ಯಜಮಾನಿಕೆ. ನಾನು ಹಾಲು ಕುಡಿಸುವುದಕ್ಕಷ್ಟೇ ಇದ್ದ ಹಾಗಿತ್ತು. ಆದರೆ ಕಾರಿನ ಬಾಗಿಲು ತೆಗೆದ ಕೂಡಲೇ ಕೂಸನ್ನು ನನ್ನ ಕೈಗೆ ಕೊಟ್ಟು ದೂರ ಸರಿಯುತ್ತಿದ್ದಳು. ಲಸಿಕೆ ಹಾಕಿಸಲು ಹೋದಾಗಲೂ ಅವಳು ಬೇರೆ ರಿಕ್ಷಾ ಹಿಡಿದು ಹಿಂದೆ ಬಂದಳು. ಪುಣೆಯ ರಿಕ್ಷಾದವರ ಜೊತೆ ಮರಾಠಿಯಲ್ಲಿ ಜಗಳ ಕಾಯುತ್ತ ಬಂದಳೇ ಹೊರತು ಕೂಸಿನ ಪಕ್ಕ ಒಂದು ಸಲವೂ ಕೂರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ನಾನು ಹುಟ್ಟುವ ಮೊದಲು ಅವಳಿಗೊಬ್ಬ ಮಗನಿದ್ದ. ಸೊಲ್ಲಾಪುರದಲ್ಲಿ ಮದುವೆ ಮುಗಿಸಿ ಬಾಡಿಗೆ ಜೀಪಿನಲ್ಲಿ ಪುಣೆಗೆ ಮರಳುವಾಗ ದೌಂಡದ ಹತ್ತಿರ ಕಬ್ಬಿನ ಗಾಡಿಯೊಂದು ಅಡ್ಡ ಬಂತು. ಜೀಪಿನವನು ಬ್ರೇಕ್ ಒತ್ತಿದ. ಅವ್ವನ ತೊಡೆಯ ಮೇಲಿದ್ದ ಕೂಸು ತೊಡೆಯ ಮೇಲೆ ಉಳಿಯಲಿಲ್ಲ. ಬೇರೆ ಯಾರಿಗೂ ಒಂದು ಗೀರೂ ಆಗಿರಲಿಲ್ಲವಂತೆ. “ತಾಯಿ ಕೈಯಾಗಿನ ಕೂಸು ಹೆಂಗ ಜಾರ್ತದ?” ಎಂದು ಅಪ್ಪನ ತಾಯಿ ತಾನು ಸಾಯುವ ತನಕ ಬಂದವರ ಮುಂದೆಲ್ಲ ಕೇಳಿದಳು. ಅವ್ವ ಅದಕ್ಕೆ ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ.

ಆ ಅಣ್ಣನ ಫೋಟೊ ನಮ್ಮ ಮನೆಯಲ್ಲಿಲ್ಲ, ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೂ ಅವನು ನಮ್ಮ ಜೊತೆಗೇ ತಿರುಗುತ್ತಿದ್ದ. ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಅವ್ವ ಕೂತಳೆಂದರೆ ಎರಡೂ ಕೈಗಳನ್ನು ಖಾಲಿ ತೊಡೆಯ ಮೇಲೆ ಬಿಗಿಯಾಗಿ ಹೆಣೆದುಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಆ ಕೈ ಬಿಡಿಸಿ ನಡುವೆ ತೂರಲು ನೋಡುತ್ತಿದ್ದೆ. ಅಲ್ಲಿ ನನಗೆ ಜಾಗ ಸಿಗುತ್ತಿರಲಿಲ್ಲ. ಸತ್ತವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು.

ನನ್ನ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಬಾಣಂತನಕ್ಕೆಂದು ಬಂದು ನಮ್ಮಲ್ಲೇ ಉಳಿದಿದ್ದ ಅವ್ವನಿಗೆ ಹಗಲು ಹೊತ್ತು ತನ್ನ ಮನೆಯೇ ಆಗಬೇಕು. ಹಾಗಾಗಿ ಚಿಂಚವಾಡದ ಆಫೀಸಿಗೆ ಹೋಗುವಾಗ ದಿನವೂ ಅವಳನ್ನೂ ಕೂಸನ್ನೂ ಅಲ್ಲಿ ಬಿಟ್ಟು ಹೋಗಬೇಕು. ನಾನು ಕಾರು ಓಡಿಸುವಾಗ ಹಿಂದೆ ಕೂಸಿನ ಪಕ್ಕ ಯಾರಾದರೂ ಇರಲೇಬೇಕು. ಅದಕ್ಕೇ ಕೂಸಿನ ಸೀಟು ತರಿಸಿದೆ. ಸೀಟೇ ಕೂಸನ್ನು ಹಿಡಿದುಕೊಂಡರೆ ಅವ್ವನ ಕೈಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಹೆದರಿಕೆಯೂ ಇರಲಿಕ್ಕಿಲ್ಲ ಎಂಬುದು ನನ್ನ ಲೆಕ್ಕ. ಇದು ಬರೀ ನೌಕರಿಯ ಮಾತಲ್ಲ, ನೌಕರಿ ಹೋದರೂ ಇನ್ನೊಂದು ಸಿಕ್ಕೀತು. ಅವ್ವ ಒಂದು ಸಲ ಹೆದರದೆ ಗಾಡಿಯಲ್ಲಿ ಕೂರುವುದನ್ನು ನಾನು ನೋಡಬೇಕಿತ್ತು.

ಭಾನುವಾರ ಬೆಳಿಗ್ಗೆ ಕೂಸನ್ನು ಗಂಡನ ಹತ್ತಿರ ಬಿಟ್ಟು ಪಾರ್ಕಿಂಗಿಗೆ ಇಳಿದೆ. ಸೀಟನ್ನು ಕೂಸಿನ ಮುಖ ಕಾರಿನ ಹಿಂಬದಿಗೆ ಬರುವಂತೆ ಕೂರಿಸಬೇಕಿತ್ತು. “ಕೂಸು ರಸ್ತಾ ನೋಡಬ್ಯಾಡೇನು?” ಎನ್ನುತ್ತ ಅವ್ವ ಮಡಚಿದ ಕೌದಿಯೊಂದನ್ನು ಹಿಡಿದುಕೊಂಡು ಬಂದಳು. ನಾಲ್ಕು ಪದರ ಹಳೆ ಸೀರೆ ಸೇರಿಸಿ ಅವಳೇ ಹೊಲಿದದ್ದು. “ಇದನ್ನ ಕೆಳಗ ಹಾಸು. ಕೂಸಿಗೆ ಮೆತ್ತಗಾಗ್ತದ, ಗಾಡಿನೂ ಹೊಲಸಾಗಂಗಿಲ್ಲ.” ಅವಳು ಇಷ್ಟು ಹತ್ತಿರ ಬಂದದ್ದೇ ಹೆಚ್ಚೆಂದು ನಾನು ಕೌದಿ ಹಾಸಿದೆ. ಅದರ ಮೇಲೆ ಸೀಟಿಟ್ಟು, ಬೆಲ್ಟ್ ತೂರಿಸಿ ಎಳೆದು ಕಟ್ಟಿದೆ.

ಒಂದು ಸುತ್ತು ಹೋಗಿ ನೋಡೋಣ ಎಂದರೆ ಮತ್ತೆ ತಕರಾರು. “ಕೂಸಿನ ಜಾಗಾ ಖಾಲಿ ಇಟ್ಟು ಓಡಸಬ್ಯಾಡ.” ಖಾಲಿ ತೊಟ್ಟಿಲನ್ನು ತೂಗಬಾರದೆಂದು ನಮ್ಮಲ್ಲಿ ಹೆಸರಿಡುವ ದಿನ ಮೊದಲು ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ಮಲಗಿಸುತ್ತಾರೆ, ಆಮೇಲೆ ಕೂಸು. ಅವ್ವ ಮೇಲೆ ಹೋಗಿ ಆ ಖಾರ ಅರೆಯುವ ಗುಂಡುಕಲ್ಲನ್ನೇ ತಂದಳು. ತಲೆಗೆ ನನ್ನ ಮಗಳ ಕುಂಚಿಗೆ. ನನಗೆ ನಗು ತಡೆಯಲಾಗಲಿಲ್ಲ. ಅದನ್ನು ಕೂಸಿನ ಹಾಗೇ ಪಟ್ಟಿ ಬಿಗಿದು ಕೂರಿಸಿದೆ. ಕಲ್ಲಿನ ಪಕ್ಕ ಕೂರಲು ಅವ್ವ ತಕರಾರು ಮಾಡಲಿಲ್ಲ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹಿಂದಿನ ಓಣಿಯಲ್ಲಿ ನಾಯಿಯೊಂದು ಧುತ್ತೆಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ನಾಯಿ ಉಳಿಯಿತು. ಹಿಂದಿನಿಂದ ಅವ್ವ ಚೀರಿದ್ದು ಕೇಳಿ ತಿರುಗಿದರೆ, ಸೀಟು ಕಲ್ಲಿನ ಸಮೇತ ಮುಂದಿನ ಸೀಟಿನ ಬೆನ್ನಿಗೆ ವಾಲಿಕೊಂಡಿತ್ತು. ಕಲ್ಲಿನ ಜಾಗದಲ್ಲಿ ಮಗಳಿರುತ್ತಿದ್ದಳು.

ತಪ್ಪು ಕೌದಿಯದು. ಮೆತ್ತನೆಯ ಪದರುಗಳು ಭಾರಕ್ಕೆ ಕುಸಿದದ್ದೇ ತಡ, ಬಿಗಿದ ಬೆಲ್ಟ್ ಸಡಿಲಾಗಿತ್ತು. ಕೌದಿಯನ್ನು ಕಿತ್ತು ಡಿಕ್ಕಿಗೆ ಎಸೆದೆ. ಗಾಡಿಯ ಸೀಟಿನ ಮೇಲೇ ಕೂಸಿನ ಸೀಟಿಟ್ಟು, ಮೊಣಕಾಲೂರಿ ಮೈಭಾರವನ್ನೆಲ್ಲ ಹಾಕಿ ಬೆಲ್ಟ್ ಎಳೆದೆ. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಈಗ ಸೀಟಿನ ಜೊತೆ ಗಾಡಿಯೇ ಅಲ್ಲಾಡಿತು. “ನೋಡು, ಈಗ ಎಲ್ಲಿಗೂ ಹೋಗಂಗಿಲ್ಲ,” ಅಂದೆ.

ಅವ್ವ ಸೀಟನ್ನು ನೋಡುತ್ತಿರಲಿಲ್ಲ. ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಈಗ ಓಡಸು. ಓಡಿಸಿ ಬ್ರೇಕ್ ಹಾಕು.”

“ಯಾಕವ್ವ?”

“ಹಾಕು ಅಂದ್ರ ಹಾಕು.”

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ಅರ್ಥವಾಯಿತು. ಬೇಡವೆನ್ನಲು ಧೈರ್ಯ ಬರಲಿಲ್ಲ. ಅವಳ ಬೆಲ್ಟ್ ಸರಿಯಿದೆಯೇ ಎಂದು ನೋಡಿ, ಓಣಿಯಲ್ಲಿ ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಹೊರಟೆ. ವಯಸ್ಸಾದ ಜೀವವೆಂದು ಮೆಲ್ಲಗೇ ಬ್ರೇಕ್ ಹಾಕಿದೆ. ಕಲ್ಲು ಅವಳ ತೊಡೆಯ ಮೇಲೇ ಇತ್ತು.

“ನಿಂತಿತಲ್ಲ,” ಅಂದಳು. ಕನ್ನಡಿಯಲ್ಲಿ ಕಂಡ ಅವಳ ಮುಖ ನನ್ನಿಂದ ನೋಡಲಾಗಲಿಲ್ಲ. “ಹಂಗಾರ ಹಿಡೀಲಿಕ್ಕೆ ಬರ್ತಿತ್ತು.”

ನನಗೆ ಮೈಯೆಲ್ಲ ಉರಿಯಿತು. ಅಜ್ಜಿಯ ಮೇಲೆ, ಆ ಜೀಪಿನವನ ಮೇಲೆ, ನನ್ನ ಮೆತ್ತಗಿನ ಕಾಲಿನ ಮೇಲೆ. “ಇದು ಬ್ರೇಕೇನವ್ವ? ಅವತ್ತಿನ ಜೀಪು ಹಿಂಗ ತೆವಳಿಕೋತ ಹೊಂಟಿತ್ತೇನು?” ಎಂದು ಕೂಗಾಡಿ, ಓಣಿಯ ತುದಿಗೆ ಹಿಂದೆ ಸರಿದು, ವೇಗ ಏರಿಸಿ, ಕಾಲಿನ ಬಲವನ್ನೆಲ್ಲ ಬ್ರೇಕಿನ ಮೇಲೆ ಹಾಕಿದೆ. ಜೀವನದಲ್ಲಿ ಏನಾದರೂ ಬೀಳಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ.

ಕಲ್ಲು ಎದುರಿನ ಸೀಟಿಗೆ ಬಡಿದು ಕೆಳಗೆ ಬಿತ್ತು. ಅವಳ ಕೈಯಲ್ಲಿ ಕುಂಚಿಗೆ ಮಾತ್ರ ಉಳಿದಿತ್ತು.

“ನೋಡಿದಿಲ್ಲೋ! ಯಾರ ಕೈಲೂ ಆಗೂದಿಲ್ಲವ್ವ. ನಿನ್ನ ತಪ್ಪಲ್ಲ, ಕೇಳಿಸ್ತೇನು? ನಿನ್ನ ತಪ್ಪಲ್ಲ!” ನಾನು ಅಳುತ್ತಿದ್ದೆ, ಖುಷಿಯೂ ಆಗಿತ್ತು. ಇಷ್ಟು ವರ್ಷದ ಮೇಲೆ ಅಜ್ಜಿಯ ಆ ಮಾತಿಗೊಂದು ಉತ್ತರ ಸಿಕ್ಕಿತ್ತು.

ಅವ್ವ ಬೆಲ್ಟ್ ಬಿಚ್ಚಿ ಬಗ್ಗಿದಳು. ಕಲ್ಲನ್ನೆತ್ತಿ ಸೆರಗಿನಿಂದ ಧೂಳು ಒರೆಸಿ, ಕುಂಚಿಗೆ ತೊಡಿಸಿ ದಾರ ಕಟ್ಟಿದಳು. ತೊಡೆಯ ಮೇಲಿಟ್ಟುಕೊಂಡು, ಮತ್ತೆ ಬೆಲ್ಟ್ ಹಾಕಿಕೊಂಡು, ಎರಡೂ ಕೈಗಳಿಂದ ಅದನ್ನು ಎದೆಗೆ ಅವಚಿಕೊಂಡಳು.

“ಇನ್ನೊಮ್ಮೆ ಹಾಕು,” ಅಂದಳು. “ಈ ಸಲ ಬಿಡಂಗಿಲ್ಲ.”