ಉಂಗುರದ ಬಾಯಿ

ಅಫಜಲಪುರದ ಆ ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ಜಯಮಾಲಾ ಕೂತು ಹದಿನಾಲ್ಕು ವರ್ಷವಾಗಿತ್ತು. ಬಂದವರಿಗೆ ಚೀಟಿ ಬರೆದುಕೊಡುವುದು ಅವಳ ಕೆಲಸ. ಅದಕ್ಕಿಂತ ಅವಳಿಗೆ ಹೆಚ್ಚು ಹೆಮ್ಮೆಯದು ಇನ್ನೊಂದಿತ್ತು. ದಿನಾ ಬೆಳಿಗ್ಗೆ ಸಿಬ್ಬಂದಿಯನ್ನು ಸಾಲಾಗಿ ನಿಲ್ಲಿಸಿ ಸಮವಸ್ತ್ರ ನೋಡುವುದು. ಯಾರ ಸೀರೆ ಇಸ್ತ್ರಿಯಾಗಿಲ್ಲ, ಯಾರ ಕೋಟಿನ ಗುಂಡಿ ಕಿತ್ತಿದೆ, ಅವಳ ಕಣ್ಣು ತಪ್ಪಿಸಿ ಒಳಗೆ ಹೋದವರಿಲ್ಲ.

ಅವಳ ಕನ್ನಡಕ್ಕೂ ಇಸ್ತ್ರಿ ಬಿದ್ದಿತ್ತು. ಕರಜಗಿಯ ಹುಡುಗಿ, ತರಬೇತಿಗೆಂದು ಒಂದು ವರ್ಷ ಮೈಸೂರಿನಲ್ಲಿದ್ದಳು. ಮೊದಲನೆಯ ದಿನವೇ ‘ಹೌದ್ರಿ, ಬರಾಕತ್ತೇನಿ’ ಅಂದದ್ದಕ್ಕೆ ಹಾಸ್ಟೆಲ್ಲಿನ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗು ಅವಳೊಳಗೆ ಮುಳ್ಳಾಗಿ ಕೂತಿತು. ವರ್ಷ ತುಂಬುವುದರೊಳಗೆ ಪುಸ್ತಕದ ಕನ್ನಡ ಕಲಿತಳು, ಊರಿಗೆ ಬಂದಮೇಲೂ ಅದನ್ನು ಬಿಡಲಿಲ್ಲ. ಹೆತ್ತ ತಾಯಿಯನ್ನೇ ‘ಅವ್ವಾ, ತಾವು ಊಟ ಮಾಡಿದಿರಾ?’ ಎಂದು ಕೇಳಿದಳು. ತಾಯಿ ಗುರುಶಾಂತಮ್ಮ ಸುತ್ತಮುತ್ತ ನೋಡಿ, “ಯಾರಿಗಿ ಕೇಳಾಕತ್ತಿಬೇ, ನನಗೋ ತಹಶೀಲ್ದಾರಗೋ?” ಅಂದಿದ್ದಳು. ಜಯಮಾಲಾಗೆ ಸಿಟ್ಟು ಬಂತೇ ಹೊರತು ತಪ್ಪು ಕಾಣಲಿಲ್ಲ.

ಕಳೆದ ವರ್ಷ ಆಸ್ಪತ್ರೆಗೆ ಹೊಸ ಮುಖ್ಯಸ್ಥರಾಗಿ ಡಾಕ್ಟರ್ ಅಮರನಾಥ ಬಂದರು. ಐದು ವರ್ಷ ಐರ್ಲೆಂಡಿನಲ್ಲಿದ್ದು ಬಂದವರು. ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ಅಲ್ಲಿಯ ಸಂಗತಿ ಹೇಳಿದರು. ಆ ದೇಶಕ್ಕೆ ತನ್ನದೇ ಐರಿಷ್ ಭಾಷೆ ಇದೆ, ಆದರೆ ಬಹಳ ಜನರ ಬಾಯಲ್ಲಿ ಇಂಗ್ಲಿಷೇ ಆಡುತ್ತದೆ. ಹಾಗಾಗಿ ಐರಿಷ್ ಬಲ್ಲವರು ಕೆಲವರು ಕೋಟಿಗೆ ಒಂದು ಸಣ್ಣ ಉಂಗುರದ ಪಿನ್ನು ಚುಚ್ಚಿಕೊಳ್ಳುತ್ತಾರೆ. ಅದನ್ನು ಕಂಡವರು ಸಂಕೋಚವಿಲ್ಲದೆ ಐರಿಷ್ ಭಾಷೆಯಲ್ಲೇ ಮಾತಾಡಿಸಬಹುದು ಎಂದು ಅರ್ಥ.

“ನಮ್ಮಲ್ಲೂ ಅಂಥಾದ್ದೊಂದು ಇರ್ಲಿ,” ಅಂದರು ಡಾಕ್ಟರು. “ಪೇಶಂಟ್ ಮಂದಿ ಯಾರ ಮುಂದ ಬಾಯಿ ಬಿಡ್ತಾರೋ ಅವ್ರಿಗೆ ಉಂಗುರ. ಮನಿಗಿ ಹೋಗೋ ಪೇಶಂಟಿಗೆಲ್ಲ ತಿಂಗಳತನಕ ನಾನೇ ಕೇಳ್ತೇನಿ.”

ಇನ್ನೇನು, ಉಂಗುರ ತನ್ನದೇ ಎಂದುಕೊಂಡಳು ಜಯಮಾಲಾ. ಆಸ್ಪತ್ರೆಯಲ್ಲಿ ಕನ್ನಡ ಅಂದರೆ ಅವಳು, ಅವಳು ಅಂದರೆ ಕನ್ನಡ. ಎಡ ಹೆಗಲ ಮೇಲೆ ಪಿನ್ನು ಎಲ್ಲಿ ಕೂರಬೇಕು ಎಂದು ಮನೆಯ ಕನ್ನಡಿಯ ಮುಂದೆ ಬೆರಳಿಟ್ಟು ನೋಡಿಯೂ ಆಗಿತ್ತು.

ತಿಂಗಳು ತುಂಬಿತು, ಉಂಗುರ ದ್ರೌಪದಿಗೆ ಹೋಯಿತು. ಚೌಡಾಪುರದಿಂದ ಬಸ್ಸಿನಲ್ಲಿ ಬಂದು ವಾರ್ಡಿನ ಹಾಸಿಗೆ ಬದಲಿಸುವ, ನೆಲ ಒರೆಸುವ ಆಯಾ ದ್ರೌಪದಿ! ಉಂಗುರ ಕೊಟ್ಟ ದಿನ ಸೊನ್ನದ ರೋಗಿ, ಮುದುಕ ಲಾಡ್ಲೆಸಾಬ ಎಲ್ಲರೆದುರು, “ಆ ನೀಲಿ ಕೋಟಿನ ಹೆಣ್ಮಗಳು, ಆ ಬಾಯಿ ಮುಂದ ಹೇಳಿದ್ರ ಅರ್ಧಾ ಬ್ಯಾನಿ ಹೋಗ್ತದ್ರಿ ಸಾಹೇಬ್ರ. ಉರ್ದುದಾಗ ಹೇಳ್ರಿ, ಕನ್ನಡದಾಗ ಹೇಳ್ರಿ, ಆಕಿ ಕೇಳ್ತಾಳ,” ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ಜಯಮಾಲಾ ಕೂಡ ಹೊಡೆದಳು. ಹದಿನಾಲ್ಕು ವರ್ಷ ಬಾಗಿಲು ಕಾದವಳು ಯಾರು, ಉಂಗುರ ಹಾಕಿಕೊಂಡವಳು ಯಾರು! ನೆಟ್ಟಗೆ ನಾಲ್ಕು ಅಕ್ಷರ ಬರೆಯಲು ಬಾರದವಳಿಗೆ ಭಾಷೆಯ ಬಿರುದೇ?

ಆಮೇಲೆ ಕರಜಗಿಯ ಮಂದಿ, ಸೊನ್ನದ ಮಂದಿ ಬಂದವರೇ ‘ಉಂಗುರದ ಬಾಯಿ ಎಲ್ಲಿ?’ ಎಂದು ಕೇಳತೊಡಗಿದರು. ಕೇಳುವುದೂ ಯಾರನ್ನು? ಬಾಗಿಲಲ್ಲಿ ಕೂತ ಜಯಮಾಲಾಳನ್ನೇ. ಒಂದು ತಿಂಗಳು ತಡೆದಳು. ಮುಂದೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಗೋಡೆಗೆ ಅಂಟಿಸಿದ ಸಮವಸ್ತ್ರದ ನಿಯಮಗಳಲ್ಲಿ ನಾಲ್ಕನೆಯದರ ಮೇಲೆ ಬೆರಳಿಟ್ಟಳು.

“ಸಮವಸ್ತ್ರದ ಮೇಲೆ ಯಾವುದೇ ಆಭರಣ ಧರಿಸತಕ್ಕದ್ದಲ್ಲ. ತೆಗೆದಿಡಿ.”

ದ್ರೌಪದಿ ಪಿನ್ನು ಬಿಚ್ಚಿ ಎಲೆ-ಅಡಿಕೆಯ ಸಂಚಿಯೊಳಗೆ ಹಾಕಿಕೊಂಡಳು. ಡಾಕ್ಟರು ಕೇಳಿದಾಗ, “ನೆಲಾ ವರಸೂ ಮುಂದ ಹೊಲಸಾಗ್ತದ್ರಿ, ತಗದಿಟ್ಟೀನಿ,” ಎಂದು ತಾನೇ ಸುಳ್ಳು ಹೇಳಿದಳು. ಅವಳು ಚಾಡಿ ಹೇಳಿದ್ದರೆ ಜಯಮಾಲಾಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ಒಳ್ಳೆಯತನ ಕಂಡು ಇನ್ನಷ್ಟು ಉರಿಯಿತು.

ಅದಾಗಿ ವಾರಕ್ಕೆ ತಮ್ಮ ಸಂತೋಷಕುಮಾರ ಗುರುಶಾಂತಮ್ಮನನ್ನು ಕರಜಗಿಯಿಂದ ಕರೆತಂದ. ಹದಿನೈದು ದಿನದಿಂದ ಊಟವಿಲ್ಲ, ಮೈ ಸುಡುತ್ತಿದೆ, ಎಲ್ಲಿ ನೋವು ಅಂದರೆ ಹೇಳುವುದಿಲ್ಲ. ತಪಾಸಣೆಗೆ ಮೈ ಮುಟ್ಟಲೂ ಬಿಡುತ್ತಿಲ್ಲ. ಜಯಮಾಲಾ ಮಂಚದ ಪಕ್ಕ ನೆಟ್ಟಗೆ ನಿಂತು, “ಅವ್ವಾ, ತಮಗೆ ಎಲ್ಲಿ ನೋವಿದೆ ಎಂಬುದನ್ನು ವೈದ್ಯರಿಗೆ ವಿವರವಾಗಿ ತಿಳಿಸಿ,” ಅಂದಳು. ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿ, “ಏನಿಲ್ಲ,” ಅಂದಳು.

ಡಾಕ್ಟರು ಹೋದಮೇಲೆ ಮಗಳ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು. “ಇಲ್ಲಿ ಉಂಗುರದ ಬಾಯಿ ಅಂತ ಯಾರೋ ಅದಾಳಂತಲ್ಲ, ನಮ್ಮೂರ ಸಾಬವ್ವ ಹೇಳಿದ್ಲು. ಆಕೀಗಿ ಕರೀಬೇ.”

ಜಯಮಾಲಾಗೆ ಕಪಾಳಕ್ಕೆ ಹೊಡೆದಂತಾಯಿತು. ಹೆತ್ತವ್ವನಿಗೂ ಅವಳೇ ಬೇಕೆ? “ಅಂಥವರು ಇಲ್ಲಿ ಯಾರೂ ಇಲ್ಲ,” ಅಂದುಬಿಟ್ಟಳು.

ಮರುದಿನ ಜ್ವರ ಏರಿತು. ಮುದುಕಿ ಕಣ್ಣು ತೆರೆಯುವುದೇ ಕಷ್ಟವಾಯಿತು. “ಮೈಯಾಗ ಎಲ್ಲೋ ಕೀವು ಆಗ್ಯಾದ, ಎಲ್ಲಿ ಅಂತ ತಿಳೀವಲ್ದು. ತಡಾ ಆದ್ರ ಜೀವಕ್ಕ ಬರ್ತದ,” ಅಂದರು ಅಮರನಾಥ. ಆಗ ಜಯಮಾಲಾಗೆ ಅರಿವಾಯಿತು. ತಾನು ಆಡಿದ ಒಂದು ಸುಳ್ಳು ಅವ್ವನ ಜೀವದ ಮೇಲೆ ಕೂತಿದೆ. ವಾರ್ಡಿನ ಕೊನೆಯಲ್ಲಿ ನೆಲ ಒರೆಸುತ್ತಿದ್ದ ದ್ರೌಪದಿಯ ಹತ್ತಿರ ಓಡಿದಳು.

“ಉಂಗುರ ಹಾಕಿಕೊಂಡು ಬನ್ನಿ. ನಮ್ಮ ಅವ್ವ ಕರೆಯುತ್ತಿದ್ದಾರೆ.”

ದ್ರೌಪದಿ ಕೈ ತೊಳೆದು, ಸಂಚಿಯಿಂದ ಪಿನ್ನು ತೆಗೆದು ಸಿಕ್ಕಿಸಿಕೊಂಡು ಪರದೆಯ ಒಳಗೆ ಹೋದಳು. ಹೊರಗೆ ನಿಂತ ಜಯಮಾಲಾಗೆ ಪಿಸುಮಾತು ಕೇಳಿಸಿತು. ಮೊದಲು ದ್ರೌಪದಿಯ ದನಿ, ಆಮೇಲೆ ಅವ್ವನ ದನಿ, ಅವ್ವ ಅತ್ತ ಸದ್ದು. ಅಷ್ಟೇ ಆಗಿದ್ದರೆ ತಾಳುತ್ತಿದ್ದಳೇನೋ. ಕೊನೆಗೆ ಅವ್ವ ಕ್ಷೀಣವಾಗಿ ನಕ್ಕಳು. ತನ್ನೆದುರು ಅವ್ವ ನಕ್ಕು ಎಷ್ಟು ವರ್ಷವಾಯಿತೆಂದು ಜಯಮಾಲಾಗೆ ನೆನಪಾಗಲಿಲ್ಲ.

ದ್ರೌಪದಿ ಹೊರಬಂದು ನೇರ ಲೇಡಿ ಡಾಕ್ಟರ ಕೋಣೆಗೆ ಹೋಗಿ ಬಂದಳು. ಜಯಮಾಲಾ ಅಡ್ಡ ನಿಂತಳು. “ಏನಂತೆ?”

“ಡಾಕ್ಟರಮ್ಮಗ ಹೇಳೀನ್ರಿ ಮೇಡಮ್ಮಾರ. ಮತ್ತ ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ.”

“ನಾನು ಮಗಳು!”

“ನಿಮಗೂ ಹೇಳಬ್ಯಾಡ ಅಂದಾರ್ರಿ,” ಅಂದಳು ದ್ರೌಪದಿ, ತಲೆ ತಗ್ಗಿಸಿ.

ಅವ್ವನ ಎದೆಯ ಕೆಳಗೆ ಬಾವು ಕಟ್ಟಿತ್ತು. ನಾಚಿಕೆಗೆ ಮುಚ್ಚಿಟ್ಟಿದ್ದಳು. ಅಂದೇ ಕೊಯ್ದು ಕೀವು ತೆಗೆದರು, ಸಂಜೆಗೆ ಜ್ವರ ಇಳಿಯಿತು. ಬಾವಿನ ವಿಷಯವನ್ನು ಜಯಮಾಲಾ ಮಂಚಕ್ಕೆ ತೂಗುಹಾಕಿದ ಹಾಳೆಯಲ್ಲಿ ಓದಿ ತಿಳಿದುಕೊಂಡಳು. ಓದುವುದನ್ನು ಅವ್ವ ನೋಡುತ್ತಿದ್ದಳು. ಜಯಮಾಲಾ ಹಾಳೆ ಬಿಟ್ಟು ಮಂಚದ ಪಕ್ಕ ಕುಕ್ಕರಿಸಿದಳು. ಬಾಯಿ ತೆರೆದರೆ ಮಾತು ತಡವರಿಸಿತು.

“ಯವ್ವಾ... ಭಾಳ ಬ್ಯಾನಿ ಆಗಾಕತ್ತಿತ್ತೇನಬೇ?”

ಗುರುಶಾಂತಮ್ಮ “ಈಗ ಕೇಳಿದಿ ನೋಡು,” ಅಂದು ಕಾಲು ಸರಿಸಿ ಮಂಚದ ಮೇಲೆ ಜಾಗ ಮಾಡಿದಳು.

ಮರುದಿನ ಬೆಳಿಗ್ಗೆ ಸಾಲಿನಲ್ಲಿ ದ್ರೌಪದಿ ಬರಿಯ ಕೋಟಿನಲ್ಲಿ ನಿಂತಿದ್ದಳು. ನಿಯಮ ಅಂದರೆ ನಿಯಮ, ಕೆಲಸ ಮುಗಿದ ಕೂಡಲೇ ಪಿನ್ನು ಮತ್ತೆ ಸಂಚಿ ಸೇರಿತ್ತು. ಜಯಮಾಲಾ ಕೈಯೊಡ್ಡಿ ಉಂಗುರ ಇಸಿದುಕೊಂಡು, ಎಲ್ಲರೆದುರು ತಾನೇ ಅವಳ ನೀಲಿ ಕೋಟಿಗೆ ಸಿಕ್ಕಿಸಿದಳು. ಸೂಜಿ ಚುಚ್ಚದಂತೆ ಬಟ್ಟೆಯನ್ನು ಎತ್ತಿ ಹಿಡಿದಿದ್ದಳು. ಚುಚ್ಚಬೇಕು ಅನ್ನಿಸಿದ್ದಂತೂ ಸುಳ್ಳಲ್ಲ.